ಪಟ್ಟಿ ಸುತ್ತಿದ ಕಾಲು

ನೋವಿಲ್ಲದ ಕಾಲಿಗೇ ಪಟ್ಟಿ ಸುತ್ತುವುದು ನಮ್ಮ ತಂಡದ ಹಳೆಯ ರೂಢಿ. ಎದುರಾಳಿಗಳ ಕಣ್ಣು ಮೊದಲು ಬೀಳುವುದು ಪಟ್ಟಿಯ ಮೇಲೆ, ಒದೆಯುವುದೂ ಅಲ್ಲಿಗೇ. ಗಟ್ಟಿ ಕಾಲು ಒದೆ ತಿನ್ನಲಿ, ಪೆಟ್ಟಾದ ಕಾಲು ಉಳಿಯಲಿ ಎಂಬ ಉಪಾಯ. ಈ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಟ್ಟಿ ಸುತ್ತುತ್ತಿರುವವಳು ನಾನು. ಅಜ್ಜಿ ಹಾಡಿ ಹೇಳುತ್ತಿದ್ದ ಪದ್ಯವೊಂದನ್ನು ಮನಸ್ಸಿನಲ್ಲೇ ಹೇಳಿಕೊಂಡು ಸುತ್ತುತ್ತೇನೆ. ಆರು ಸಾಲು ಮುಗಿದರೆ ಒಂದು ಮಂಡಿ ಮುಗಿದ ಹಾಗೆ.

ಮಿಡತೆ ನನ್ನ ತಂಗಿಯ ಮಗಳು. ಹಾರಿ ಹಾರಿ ಓಡುತ್ತಾಳೆಂದು ಹುಡುಗಿಯರು ಇಟ್ಟ ಹೆಸರು. ತಂಗಿ ತೀರಿಕೊಂಡ ಮೇಲೆ ನನ್ನ ಮಡಿಲಲ್ಲೇ ಬೆಳೆದವಳು. ತಂಡಕ್ಕೆ ಕರೆತಂದವಳೂ ನಾನೇ. ಆ ಮಧ್ಯಾಹ್ನ ಬೆಂಚಿನ ಮೇಲೆ ಕೂತು ಪ್ಯಾಂಟು ಮಡಚಿದಾಗ ಅವಳ ಬಲಮಂಡಿ ಬದನೆಕಾಯಿಯಂತೆ ಊದಿತ್ತು. ಒಳಗೆ ಏನೋ ಹರಿದಿದೆ ಎಂದು ನನ್ನ ಹೆಬ್ಬೆರಳಿಗೆ ತಿಳಿಯಿತು.

"ಎಡಕ್ಕೆ ಸುತ್ತು ದೊಡ್ಡಮ್ಮ."

"ಸುತ್ತೋ ಮಾತಲ್ಲ ಕಣೇ. ಇದು ಆಡೋ ಕಾಲೇ ಅಲ್ಲ. ಡಾಕ್ಟ್ರು ಬರ್ತಾರೆ, ತೋರಿಸಿಬಿಡು."

"ತೋರಿಸಿದ್ರೆ? ನಾಡಿದ್ದು ಹೊಸ ಒಪ್ಪಂದ. ಕುಂಟಿಗೆ ಯಾರು ಎರಡು ವರ್ಷ ಕೊಡ್ತಾರೆ? ಇದೊಂದು ಆಟ ದಾಟಿಸಿಬಿಡ್ತೀನಿ." ನನ್ನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಬಾಯಿ ಬಿಟ್ಟೆ ಅಂದ್ರೆ ನನ್ನಾಣೆ."

ಆಣೆ ಎಂದರೆ ನನಗೆ ಜೀವಭಯ. ಆಡಿದ ಮಾತಿಗೆ ಮೇಲಿರುವವನು ಸಾಕ್ಷಿ ಎಂದು ನಂಬಿ ಬೆಳೆದವಳು ನಾನು. ಅಷ್ಟು ವಯಸ್ಸಾದರೂ ಒಂದನ್ನೂ ಮುರಿದಿರಲಿಲ್ಲ. ಎಡಮಂಡಿಗೆ ಆರು ಸಾಲು ಸುತ್ತಿದೆ.

ಆ ಡಾಕ್ಟರು ಸುಮ್ಮನೆ ಬಂದವರಲ್ಲ. ಮೊದಲೆಲ್ಲ ಯಾರು ಆಡಬೇಕೆಂದು ಹೇಳುತ್ತಿದ್ದವನು ಮ್ಯಾನೇಜರ್. ಮೂಳೆ ಬಿರಿದವಳಿಗೂ ನೋವು ಮರೆಸುವ ಇಂಜೆಕ್ಷನ್ ಚುಚ್ಚಿಸಿ ಮೈದಾನಕ್ಕೆ ತಳ್ಳುತ್ತಿದ್ದ. ಹೋದ ವರ್ಷ ನಾಯಕಿ ಎಲ್ಲರ ಬೂಟು ಬಿಚ್ಚಿಸಿ, ಬಟ್ಟೆ ಬದಲಿಸುವ ಈ ಕೋಣೆಯ ತಣ್ಣನೆಯ ನೆಲದ ಮೇಲೆ ಹನ್ನೊಂದು ದಿನ ಕೂರಿಸಿದಳು. ಮಾಲೀಕರ ಉಪ್ಪು ತಿನ್ನದ ಡಾಕ್ಟರು ಬರಬೇಕು, ಅವರು ಬೇಡವೆಂದವಳನ್ನು ಆಡಿಸಬಾರದು, ಆಟದಲ್ಲಾದ ಗಾಯದ ಖರ್ಚು ತಂಡದ್ದು ಎಂಬುದು ಬೇಡಿಕೆ. ಹನ್ನೆರಡನೆಯ ದಿನ ಮಾಲೀಕರು ಒಪ್ಪಿದರು. ಜೊತೆಗೆ ಕೂತಿದ್ದ ನನ್ನನ್ನೂ ಹುಡುಗಿಯರು ಎತ್ತಿ ಕುಣಿಸಿದ್ದರು.

ಡಾಕ್ಟರು ಬಂದದ್ದು ತಡವಾಗಿ. ಅವರ ಚೀಲ ಹೊತ್ತು ಹಿಂದೆಯೇ ಮ್ಯಾನೇಜರ್.

"ಹದಿನಾರು ಜನ ಇದ್ದಾರೆ ಡಾಕ್ಟ್ರೇ, ಇರೋದು ಅರ್ಧ ಗಂಟೆ. ಪಟ್ಟಿ ಇರೋ ಕಾಲು ನೋಡಿದ್ರೆ ಸಾಕು. ಮಿಕ್ಕಿದ್ದೆಲ್ಲ ಕುದುರೆ ಕಾಲು."

"ಲದ್ದಿ ಎತ್ತೋರು ಯಾರು, ನೀವೇನಾ?" ಎಂದಳು ಗೋಲು ಕಾಯುವ ಹುಡುಗಿ. ಎಲ್ಲರೂ ನಕ್ಕರು, ಮ್ಯಾನೇಜರನೂ ನಕ್ಕ.

ಮಿಡತೆ ಎಡಗಾಲಿನ ಪ್ಯಾಂಟನ್ನಷ್ಟೇ ಮೇಲೇರಿಸಿದಳು. ಡಾಕ್ಟರು ಆ ಮಂಡಿಯನ್ನು ಮಡಿಸಿದರು, ತಿರುಗಿಸಿದರು, ಒತ್ತಿದರು.

"ನೋವಿದ್ಯಾ?"

"ಇಲ್ಲ ಡಾಕ್ಟ್ರೇ."

ಅದು ಸುಳ್ಳಲ್ಲ. ಡಾಕ್ಟರು ಹುಬ್ಬು ಗಂಟಿಕ್ಕಿ ನನ್ನತ್ತ ತಿರುಗಿದರು. "ಇಷ್ಟು ಚೆನ್ನಾಗಿರೋ ಮಂಡಿಗೆ ಪಟ್ಟಿ ಯಾಕಮ್ಮ?"

ನಾಯಕಿ ಬಗ್ಗಿ ಆಗಲೇ ಕಟ್ಟಿದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಮಿಡತೆ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ನನ್ನ ಅಂಗೈಯಲ್ಲಿ ಅವಳ ನೆತ್ತಿಯ ಬಿಸಿ ಇನ್ನೂ ಆರಿರಲಿಲ್ಲ.

"ರೂಢಿ ಡಾಕ್ಟ್ರೇ," ಎಂದೆ.

ಅವರು ಆಡಬಹುದು ಎಂದು ಬರೆದು ಸಹಿ ಹಾಕಿದರು.

ಎದುರಾಳಿಗಳು ಮೊದಲ ಗಳಿಗೆಯಿಂದಲೂ ಅವಳ ಎಡಗಾಲಿಗೇ ಒದ್ದರು. ನಮ್ಮ ಉಪಾಯ ಫಲಿಸಿತ್ತು. ಇಪ್ಪತ್ಮೂರನೆಯ ನಿಮಿಷದಲ್ಲಿ ಹತ್ತಿರ ಯಾರೂ ಇರಲಿಲ್ಲ. ಚೆಂಡಿನ ಹಿಂದೆ ಒಬ್ಬಳೇ ತಿರುಗಿದಳು. ಮೈ ತಿರುಗಿತು, ಬಲಮಂಡಿ ತಿರುಗಲಿಲ್ಲ. ಆ ಕೂಗು ಮೈದಾನದ ಆಚೆಯ ರಸ್ತೆಗೂ ಕೇಳಿಸಿತಂತೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಮ್ಯಾನೇಜರ್ ನನ್ನ ಕೈಗೆ ಕಾಗದವೊಂದನ್ನು ಕೊಟ್ಟ. ಮೊದಲೇ ಇದ್ದ ಗಾಯವನ್ನು ಮುಚ್ಚಿಟ್ಟು ಆಡಿದ್ದಾಳೆ, ಚಿಕಿತ್ಸೆಯ ಹೊಣೆ ತಂಡದ್ದಲ್ಲ, ಒಪ್ಪಂದವೂ ಇಲ್ಲ.

"ಮೊದಲೇ ಇತ್ತು ಅಂತ ನಿಮಗೆ ಹೇಗೆ ಗೊತ್ತು?"

"ಒಳ್ಳೇ ಕೇಳಿದ್ರಿ ಪಟ್ಟಿಯಮ್ಮ. ನಾನೂ ಆಡಿ ಬಂದವನೇ ಅಲ್ವಾ? ನೀವು ಯಾವ ಕಾಲಿಗೆ ಸುತ್ತುತ್ತೀರಿ ಅಂತ ಗೊತ್ತಿಲ್ವಾ?"

"ಗೊತ್ತಿದ್ದೂ ಡಾಕ್ಟ್ರಿಗೆ ಆ ಕಾಲೇ ತೋರಿಸಿದ್ರಾ?"

"ನೀವು ಸುತ್ತಿದ್ರಿ, ನಾನು ತೋರಿಸ್ದೆ." ದನಿ ಏರಿಸಲಿಲ್ಲ, ನನ್ನ ಹೆಗಲ ಮೇಲಿನ ದಾರದ ಎಳೆಯೊಂದನ್ನು ಹಿರಿಯ ಮಗನಂತೆ ತೆಗೆದು ಬಿಸಾಡಿದ. "ಹೊರಗೆ ಹೇಳಬೇಕಾ? ಧಾರಾಳವಾಗಿ ಹೇಳಿ. ಹುಡುಗೀರೇ ಡಾಕ್ಟ್ರ ಕಣ್ಣಿಗೆ ಮಣ್ಣೆರಚ್ತಾರೆ ಅಂತಾಗುತ್ತೆ. ಹನ್ನೊಂದು ದಿನ ಕೂತು ತಂದ್ರಲ್ಲ, ಆ ಡಾಕ್ಟ್ರು ನಾಳೆಯಿಂದ ಬರಲ್ಲ. ಇನ್ನೂ ಹದಿನೈದು ಜೊತೆ ಕಾಲಿದೆ, ನೋಡಿಕೊಳ್ಳಿ."

ಕಾಗದ ಮಡಚಿಕೊಂಡು ಒಳಗೆ ಹೋದೆ. ಬಲಗಾಲನ್ನು ದಿಂಬುಗಳ ಮೇಲೆ ಎತ್ತಿಟ್ಟು ಕಟ್ಟಿದ್ದರು. ಎಡಮಂಡಿಯ ಮೇಲೆ ನಾನು ಸುತ್ತಿದ ಪಟ್ಟಿ ಹಾಗೆಯೇ ಇತ್ತು, ಒಂದು ಎಳೆಯೂ ಸಡಿಲವಾಗಿರಲಿಲ್ಲ. ನರ್ಸಿಗೆ ಅದನ್ನು ಬಿಚ್ಚುವ ಅಗತ್ಯವೇ ಕಂಡಿರಲಿಲ್ಲ.

"ಏನಂತೆ?"

ಹೇಳಿದೆ. ಅವಳು ಅಳಲಿಲ್ಲ.

"ಡಾಕ್ಟ್ರು ಕೇಳಿದಾಗ ನಿನ್ನೇ ನೋಡ್ತಿದ್ದೆ ದೊಡ್ಡಮ್ಮ."

"ಆಣೆ ಹಾಕಿದ್ದೆಯಲ್ಲೇ ಕಂದಾ."

"ಹಾಕಿದ್ದೆ. ಹೆದರಿಕೊಂಡು ಹಾಕಿದ್ದೆ." ಮಾತಿನಲ್ಲಿ ಸಿಟ್ಟಿರಲಿಲ್ಲ. "ನಾನು ನಿನ್ನ ಹೊಟ್ಟೇಲಿ ಹುಟ್ಟಿದ್ರೆ ಆ ಆಣೆ ಮುರಿದುಬಿಡ್ತಿದ್ದೆ ನೀನು."

ಪಟ್ಟಿಯನ್ನಾದರೂ ಬಿಚ್ಚೋಣವೆಂದು ಎಡಮಂಡಿಯ ಕಡೆ ಕೈ ಚಾಚಿದೆ. ಅಲ್ಲಾಡಿಸಲು ಉಳಿದಿದ್ದ ಆ ಒಂದೇ ಕಾಲನ್ನು ಅವಳು ಹಿಂದಕ್ಕೆ ಎಳೆದುಕೊಂಡಳು.