ಎರಡನೆಯ ಗುಂಪು

ಇಲಿಯನ್ನು ಅಂಗಾತ ಹಿಡಿದು ಅವಳು ಅದರ ಹೊಟ್ಟೆಯುದ್ದಕ್ಕೂ ಬೆರಳಾಡಿಸಿದಳು. ಗಂಟು ನಿನ್ನೆಗಿಂತ ದಪ್ಪವಾಗಿತ್ತು. ಪಕ್ಕದ ಪಂಜರದ ಇಲಿಯದ್ದೂ ಅದೇ ಕಥೆ. ಇವು ಎರಡನೆಯ ಗುಂಪಿನವು. ಮೊದಲು ಸ್ತನದ ಕ್ಯಾನ್ಸರ್ ಬರಿಸಿ, ಆಮೇಲೆ ಹೊಸ ಲಸಿಕೆ ಚುಚ್ಚಿದವು. ಕಾಯಿಲೆಗೆ ಮುಂಚೆಯೇ ಲಸಿಕೆ ಪಡೆದ ಮೊದಲ ಗುಂಪಿನ ಇಲಿಗಳು ಗುಂಡುಕಲ್ಲಿನ ಹಾಗಿದ್ದವು. ಅದು ತಿಳಿದ ದಿನದಿಂದ ಪ್ರಯೋಗಾಲಯದಲ್ಲಿ ಎಲ್ಲರ ಮುಖದಲ್ಲೂ ಹಬ್ಬದ ಕಳೆ. ಎರಡನೆಯ ಗುಂಪನ್ನು ಹಟ ಹಿಡಿದು ಸೇರಿಸಿದವಳು ಅವಳೇ. ಯಾಕೆಂದು ಯಾರೂ ಕೇಳಿರಲಿಲ್ಲ. ಅವಳ ಅಕ್ಕನ ಕಾಯಿಲೆ ಎಲ್ಲರಿಗೂ ಗೊತ್ತಿತ್ತು.

ಕೈ ತೊಳೆಯುತ್ತಿರುವಾಗ ಗೇಟಿನಿಂದ ಕರೆ ಬಂತು. ಹೊರಗೆ ಭಾವ ನಿಂತಿದ್ದ. ನುಣ್ಣಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೊಡ್ಡವರ ಬಳಿ ಏನೋ ಬೇಡಲು ಬಂದವನ ಹಾಗೆ.

"ನಿಮ್ಮ ಲಸಿಕೆ ಗೆದ್ದಿತಂತೆ. ನಿಮ್ಮಕ್ಕ ಹೇಳಿದ್ಲು, ತಾನೇ ಕಂಡುಹಿಡಿದವಳ ಥರ," ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ಒಂದೇ ಒಂದು ಸೀಸೆ ಕೊಡಮ್ಮ. ಸತ್ತರೂ ಬಾಯಿ ಬಿಡಲ್ಲ."

"ಅದು ಇಲಿಗಳಿಗೆ ಮಾಡಿದ್ದು, ಭಾವ. ಮನುಷ್ಯರಿಗೆ ಕೊಡೋಕೆ ಇನ್ನೂ ವರ್ಷಗಟ್ಟಲೆ..."

"ವರ್ಷಾನಾ? ಅವಳ ಹತ್ರ ಎಲ್ಲಿದೆ ವರ್ಷ? ಡಾಕ್ಟರು ಕೈಚೆಲ್ಲಿ ಕೂತಿದಾರೆ."

ಕೊಟ್ಟರೂ ಏನೂ ಆಗಲ್ಲ ಭಾವ, ನಾನು ನೋಡಿಬಿಟ್ಟಿದೀನಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿ ಅವಳು ಅದನ್ನು ನುಂಗಿಕೊಂಡಳು.

"ರೂಲ್ಸ್ ಬಿಡಲ್ಲ. ನನ್ನ ಕೆಲಸ ಹೋಗುತ್ತೆ."

ಭಾವ ಅವಳನ್ನೇ ದಿಟ್ಟಿಸಿದ. "ಕೆಲಸ!" ಎಂದ. "ನಿನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಕಣೇ ಅವಳು."

ಅವನು ತಿರುಗಿ ನೋಡದೆ ರಸ್ತೆ ದಾಟಿ ಹೋದ.

ಸಂಜೆ ಅಕ್ಕನ ಮನೆಗೆ ಹೋದಾಗ ಭಾವ ಬಾಗಿಲು ತೆಗೆದವನೇ ಮುಖ ತಿರುಗಿಸಿ ಅಡುಗೆಮನೆಗೆ ನಡೆದ.

"ಬಂದ್ಯಾ? ನಿನ್ನ ಇಲಿಮಕ್ಕಳು ಅಳಲ್ವಾ?" ಅಕ್ಕ ದಿಂಬಿಗೆ ಒರಗಿದ್ದಳು. ತಲೆಗೆ ಸುತ್ತಿದ ಬಟ್ಟೆ ಹಣೆಗೆ ಜಾರಿತ್ತು. ದನಿ ತಗ್ಗಿಸಿ ಕೇಳಿದಳು, "ನಿಮ್ಮ ಭಾವನಿಗೇನಾಗಿದೆಯೇ? ಮಧ್ಯಾಹ್ನದಿಂದ ಮುಖ ಊದಿಸ್ಕೊಂಡಿದಾರೆ."

"ನನಗೂ ಅವರಿಗೂ ಜಗಳ ಆಯ್ತು."

"ತಪ್ಪು ಯಾರದ್ದು?"

"ನನ್ನದೇ."

"ಅದು ಗೊತ್ತಿದ್ದದ್ದೇ," ಎಂದು ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಅವಳು ಅಕ್ಕನ ಬೆನ್ನು ನೀವುತ್ತ ಕೂತಳು. ಕೈಗೆ ಮೂಳೆಗಳಷ್ಟೇ ಸಿಕ್ಕವು.

ಭಾವ ಒಂದು ಲೋಟ ಚಹಾ ತಂದು, ಆರಿಸಿ, ಹೆಂಡತಿಯ ತುಟಿಗೆ ಹಿಡಿದು ಎರಡು ಗುಟುಕು ಕುಡಿಸಿದ. ಮತ್ತೆ ಒಳಗೆ ಹೋದ. ಪಾತ್ರೆಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಲೋಟ ಹಿಡಿದು ಬಂದು, ನಾದಿನಿಯ ಕಡೆ ನೋಡದೆ, ಅವಳ ಕೈಗೆಟುಕುವಂತೆ ಕಿಟಕಿಯ ಕಟ್ಟೆಯ ಮೇಲಿಟ್ಟ. ಅದರ ಹಬೆ ಗಾಜಿನ ಮೇಲೆ ಮಂಜಾಗಿ ಹರಡುತ್ತಿತ್ತು.