ವಾಪಸ್ ವಸಂತನ ಶಾಲು

ಕನ್ನಡ ಸಂಘದ ಅಧ್ಯಕ್ಷ ಹಯಗ್ರೀವರು ಶಾಲಿನ ಮಡಿಕೆ ಬಿಚ್ಚಿ ವಸಂತಕುಮಾರನ ಹೆಣದ ಮೇಲೆ ಬಾಗುವಷ್ಟರಲ್ಲಿ ಅವನ ಹೆಂಡತಿ ಜಲಜಾಕ್ಷಿ ಎದ್ದು ಅದರ ಅಂಚನ್ನು ಹಿಡಿದಳು.

"ಬೇಡ. ಇವರು ಯಾರ ಶಾಲೂ ಹೊದ್ದವರಲ್ಲ."

"ಹಾಗೆ ಹೇಳಿದ್ರೆ ಹೇಗೆ ಜಲಜಕ್ಕ? ಇದು ಸಂಘದ ಗೌರವ. ಎಷ್ಟು ದೊಡ್ಡ ಪತ್ರಕರ್ತರು ಇವರು!"

ಸಾನಪಾಡಾದ ಆ ಸಣ್ಣ ಮನೆಯಲ್ಲಿ ಮೇ ತಿಂಗಳ ಸೆಕೆ. ತಲೆಯ ಬಳಿಯ ದೀಪ ಆರಬಾರದೆಂದು ಫ್ಯಾನ್ ನಿಲ್ಲಿಸಿದ್ದರು. ಸಂಘದ ಫೋಟೊಗ್ರಾಫರ್ ಮನೀಶ ಬಾಗಿಲಲ್ಲಿ ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ಸಾವಿನ ಮನೆಗೆ ಕ್ಯಾಮೆರಾ ಕಟ್ಟಿಕೊಂಡು ಬರುವ ಅಧ್ಯಕ್ಷರ ದುಃಖ ಎಷ್ಟೆಂದು ಬೇರೆ ಕೇಳಬೇಕಾಗಿಲ್ಲ.

ಮಗ ರಂಜನ್ ತಾಯಿಯ ಕಿವಿಯ ಹತ್ತಿರ ಹಲ್ಲು ಕಚ್ಚಿ ಹೇಳಿದ: "ಅಮ್ಮ, ಜನರೆದುರು ತಮಾಷಾ ಮಾಡ್ಬೇಡ. ನನ್ನ ತುರ್ಭೆ ಕ್ಯಾಂಟೀನಿನ ಕಾಂಟ್ರ್ಯಾಕ್ಟ್ ಇವರ ಕೈಯಲ್ಲಿದೆ. ಅಪ್ಪ ಎಲ್ಲರ ಹತ್ರ ಹಗೆ ಕಟ್ಟಿಕೊಂಡದ್ದು ಸಾಕು. ಈಗಾದ್ರೂ ಸುಮ್ಮನೆ ಮಲಗ್ಲಿ."

"ಸುಮ್ಮನೆ ಮಲಗ್ಲಿ ಅಂತಲೇ ನಾನೂ ಹೇಳುವುದು."

ಗೋಡೆಗೊರಗಿ ನಿಂತಿದ್ದ ಅವಳ ಅಣ್ಣ ಪೂವಪ್ಪ ನಕ್ಕ. ಬಹಳ ವರ್ಷಗಳ ಮೇಲೆ ಅವನು ಈ ಹೊಸ್ತಿಲು ತುಳಿದದ್ದು ಇವತ್ತೇ. ಯಾರೋ ತುಳಸಿ ನೀರಿನ ಲೋಟವನ್ನು ಅವನತ್ತ ಚಾಚಿ, "ಭಾವನ ಬಾಯಿಗೆ ನೀರು ಬಿಡಿ," ಎಂದರು.

"ನೀರು ಬಿಡ್ಲಿಕ್ಕೆ ಬಂದದ್ದಲ್ಲ ನಾನು. ಸತ್ತದ್ದು ಹೌದಾ ಅಂತ ನೋಡ್ಲಿಕ್ಕೆ ಬಂದದ್ದು."

*

ವಸಂತಕುಮಾರ ಫೋರ್ಟ್ ಪ್ರದೇಶದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಹಣಕಾಸು ಪುಟದ ಸಂಪಾದಕನಾಗಿದ್ದ. ಪತ್ರಿಕಾಗೋಷ್ಠಿಯಲ್ಲಿ ಕಂಪನಿಯವರು ಕೊಟ್ಟ ಉಡುಗೊರೆಯ ಚೀಲವನ್ನು ಬಿಚ್ಚಿಯೂ ನೋಡದೆ ಅವರದೇ ಮೇಜಿನ ಮೇಲಿಟ್ಟು ಬರುತ್ತಿದ್ದ. ಕಚೇರಿಯ ಹುಡುಗರು ಅವನಿಗೆ 'ವಾಪಸ್ ವಸಂತ' ಎಂದು ಹೆಸರಿಟ್ಟಿದ್ದರು. ಅವನಿಗೆ ಇನ್ನೊಂದು ಹಟವೂ ಇತ್ತು. ಅಚ್ಚಾಗುವ ಮೊದಲು ಸುದ್ದಿಯನ್ನು ಯಾರಿಗೂ ಹೇಳಬಾರದು, ಮನೆಯವರಿಗಂತೂ ಹೇಳಲೇಬಾರದು.

ಒಂದು ಶನಿವಾರ ಪೂವಪ್ಪ ಊಟಕ್ಕೆ ಬಂದಿದ್ದ. "ಡೊಂಬಿವಲಿ ಮನೆ ಮಾರಿದ ಹಣವನ್ನು ಸಂಜೆ ಹಯಗ್ರೀವಣ್ಣನ ಫೈನಾನ್ಸಿನಲ್ಲಿ ಇಡ್ತೇನೆ. ಏನು ಹೇಳ್ತೀರಿ ಭಾವ?" ಎಂದು ಕೇಳಿದ.

ಆ ಫೈನಾನ್ಸ್ ಒಳಗೆ ಪೂರ್ತಿ ಟೊಳ್ಳು ಎಂಬ ಲೇಖನ ಸೋಮವಾರದ ಪುಟಕ್ಕೆ ಸಿದ್ಧವಾಗಿತ್ತು. ವಸಂತಕುಮಾರ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇಂಥದ್ದರಲ್ಲಿ ನಾನು ಸಲಹೆ ಕೊಡುವುದಿಲ್ಲ ಭಾವ."

ಮರುದಿನ ಸಂಘದ ವೇದಿಕೆಯಲ್ಲಿ ಹಯಗ್ರೀವರು ಅವನಿಗೆ ಶಾಲು ಹೊದಿಸಲು ಬಂದರು. ಅವನು ಅದನ್ನು ತೆಗೆದುಕೊಂಡು ಅವರ ಹೆಗಲಿಗೇ ಹಾಕಿ, "ನೀವೇ ಇಟ್ಟುಕೊಳ್ಳಿ, ನಾಳೆಯಿಂದ ಚಳಿ ಜಾಸ್ತಿ," ಎಂದ. ಸಭೆ ನಕ್ಕಿತು. ಸೋಮವಾರ ಲೇಖನ ಬಂತು, ವಾರದೊಳಗೆ ಫೈನಾನ್ಸಿಗೆ ಬೀಗ ಬಿತ್ತು. ಪೂವಪ್ಪ ಕಲ್ಯಾಣದ ಬಾಡಿಗೆ ಕೋಣೆಯಲ್ಲಿ ಮುದುಕನಾದ.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಜನ ಹಯಗ್ರೀವರನ್ನು ಸ್ವಲ್ಪ ದಿನ ಬೈದು ಮರೆತರು, ಬರೆದವನನ್ನು ಮರೆಯಲಿಲ್ಲ. ಬರೆಯದಿದ್ದರೆ ಹೇಗೋ ನಡೆಯುತ್ತಿತ್ತು ಎಂಬುದೇ ಎಲ್ಲರ ಮಾತು. ಹಯಗ್ರೀವರು ಬೇರೆ ವ್ಯವಹಾರ ಹಿಡಿದು ಸಂಘದ ಅಧ್ಯಕ್ಷರೂ ಆದರು.

*

"ಹೊರಡುವ ಹೊತ್ತಾಯ್ತು. ನೀವು ಹಾಕಿ ಸರ್," ಎಂದು ರಂಜನ್ ತಾಯಿಯ ಬೆರಳುಗಳನ್ನು ಶಾಲಿನಿಂದ ಬಿಡಿಸಿದ. ಹಯಗ್ರೀವರು ಅದನ್ನು ಹೆಣದ ಮೇಲೆ ಹೊದಿಸಿ, ಕೈಮುಗಿದು, ಕ್ಯಾಮೆರಾದ ಕಡೆ ಮುಖ ತಿರುಗಿಸಿದರು.

ಜಲಜಾಕ್ಷಿ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ಮಗನ ಮೇಲೆ, ಅಧ್ಯಕ್ಷರ ಮೇಲೆ, ಎಲ್ಲಕ್ಕಿಂತ ಹೆಚ್ಚು ಮಲಗಿದವನ ಮೇಲೆ.

"ನನ್ನ ಅಣ್ಣ ಎದುರಿಗೆ ಕೂತು ಕೇಳಿದಾಗಲೂ ತೆರೆಯದ ಬಾಯಿ ಇದು," ಎಂದಳು. "ಬಡಿಸಿದವಳು ನಾನು. ಈಗ ನಿಮ್ಮ ಶಾಲು ಹೊದ್ದು ಹೋಗುವುದಾದ್ರೆ, ಅಣ್ಣನ ಮನೆ ಹೋದದ್ದು ಯಾವ ಪುರುಷಾರ್ಥಕ್ಕೆ?"

ಪೂವಪ್ಪ ಗೋಡೆ ಬಿಟ್ಟು ಮುಂದೆ ಬಂದು ಹೆಣದ ಮುಖ ನೋಡಿದ.

"ದರಿದ್ರ ಮನುಷ್ಯ," ಎಂದು ಶಾಲಿಗೆ ಕೈ ಹಾಕಿದ.

"ಮಾವ, ಪ್ಲೀಸ್, ಎಲ್ಲ ನೋಡ್ತಿದ್ದಾರೆ," ಎಂದು ರಂಜನ್ ಅಡ್ಡ ಬಂದ.

"ಕೈ ತೆಗಿ. ಇವನಿಂದ ಮುಳುಗಿದವ ನಾನು, ನೀನಲ್ಲ."

ಶಾಲನ್ನು ಎಳೆದು, ಕೊಡವಿ, ಹಯಗ್ರೀವರ ಹೆಗಲ ಮೇಲೆ ಹಾಕಿ ಎರಡೂ ಅಂಚುಗಳನ್ನು ಎದೆಯ ಮೇಲೆ ಎಳೆದು ಸರಿಮಾಡಿದ. ತುಳಸಿ ನೀರಿನ ಲೋಟದ ಪಕ್ಕದಲ್ಲೇ ನಡೆದರೂ ಅದನ್ನು ಮುಟ್ಟಲಿಲ್ಲ. ಹೊರಗೆ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

"ಸರ್, ಇಧರ್ ದೇಖೋ," ಎಂದ ಮನೀಶ, ಅಭ್ಯಾಸಬಲದಿಂದ.

ಫ್ಲ್ಯಾಶ್ ಬೆಳಗಿತು. ಆ ಸೆಕೆಯಲ್ಲಿ ಜರಿಯಂಚಿನ ಶಾಲು ಹೊದ್ದು, ಹಣೆಯಿಂದ ಬೆವರು ಇಳಿಯುತ್ತ, ಹಯಗ್ರೀವರು ಮುಗಿದ ಕೈ ಮುಗಿದಂತೆಯೇ ನಿಂತಿದ್ದರು.