ಪುಸ್ತಕದ ಬದನೆಕಾಯಿ

ನಾನೊಂದು ಕೀಲಿ. ಕಬ್ಬಿಣದ್ದಲ್ಲ, ಕಂಪ್ಯೂಟರಿನೊಳಗಿನ ಪುಟ್ಟ ಫೈಲು. ಮೊಬೈಲ್ ಆಪ್ ಕಟ್ಟಿ ಮುಗಿಸಿದ ಮೇಲೆ ಅದಕ್ಕೆ ಸಹಿ ಹಾಕುವುದು ನನ್ನ ಕೆಲಸ. ನನ್ನ ಸಹಿ ಇಲ್ಲದೆ ಬಂದ ಅಪ್‌ಡೇಟನ್ನು ಯಾವ ಫೋನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜಂಬವಲ್ಲ, ಇದ್ದದ್ದು ಹೇಳಿದೆ.

ನನ್ನನ್ನು ಹುಟ್ಟಿಸಿದವನು ಧಾರವಾಡದ ಫಕೀರಪ್ಪ ಕಮ್ಮಾರ. ಯಾವ ಓಣಿಗೆ ಯಾವ ದಿನ ನಲ್ಲಿ ನೀರು ಬರುತ್ತದೆಂದು ತಿಳಿಸುವ ಆಪ್ ಅವನದು. ನನಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಪಾಸ್‌ವರ್ಡ್ ಇಟ್ಟು, ಅದನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಮೇಜಿಗೆ ಅಂಟಿಸಿದ: ‘ಬದನೆಕಾಯಿ’.

“ಕಳ್ಳ ಬಂದ್ರ ಕಾಯಿಪಲ್ಯದ ಚೀಟಿ ಅನ್ಕೋತಾನ” ಎಂದು ನಕ್ಕ.

ಆರು ವರ್ಷ ಅದನ್ನು ಅವನೊಬ್ಬನೇ ಒತ್ತಿದ. ಒಂದು ದಿನ ಎದೆನೋವೆಂದು ಆಸ್ಪತ್ರೆಗೆ ಹೋದವನು ಅಲ್ಲೇ ತೀರಿಕೊಂಡ.

ಅವನ ಕುರ್ಚಿಗೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ವಿಮಲಾ ಬಂದಳು. ಸೋಮವಾರದಿಂದ ನೀರಿನ ದಿನಗಳೆಲ್ಲ ಬದಲಾಗುವುದಿತ್ತು. ಅಷ್ಟರೊಳಗೆ ಅಪ್‌ಡೇಟ್ ಹೋಗದಿದ್ದರೆ ಒಂಬತ್ತು ಸಾವಿರ ಮನೆಯವರು ಒಣ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲಬೇಕು. ಬೇರೆ ಕೀಲಿ ಮಾಡೋಣವೆಂದರೆ ಅದು ಬೇರೆಯದೇ ಆಪ್ ಆಗುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಳ್ಳಿ ಎಂದು ಮನೆಮನೆಗೆ ಹೋಗಿ ಹೇಳುವವರು ಯಾರು?

ವಿಮಲಾ ಇಂಗ್ಲಿಷ್ ಅಕ್ಷರಗಳಲ್ಲಿ ‘ಬದನೆಕಾಯಿ’ ಎಂದು ಒತ್ತಿದಳು. ನಾನು ತೆರೆಯಲಿಲ್ಲ. ‘ಕಾ’ಗೆ ಎರಡು ಎ ಹಾಕಿದಳು. ಕೊನೆಗೊಂದು ವೈ ಸೇರಿಸಿದಳು, ತೆಗೆದಳು. ಅವಳ ಕಣ್ಣಲ್ಲಿ ನೀರು. ನನಗೂ ಅಯ್ಯೋ ಅನ್ನಿಸಿತು. ಆದರೆ ಕೀಲಿಗೆ ಕರುಣೆ ನಡೆಯುವುದಿಲ್ಲ, ಅಕ್ಷರ ಸರಿಯಿರಬೇಕು.

ಕೊನೆಗೆ ಫಕೀರಪ್ಪನ ಹೆಂಡತಿ ನೀಲವ್ವನಿಗೆ ಫೋನು ಹಚ್ಚಿದಳು. “ವೈನಿ, ಸರ್ ಬದನೆಕಾಯಿ ಅಂತ ಬರದಿಟ್ಟಾರ್ರಿ. ಎಷ್ಟ ಹೊಡದ್ರೂ ತಗೀವಲ್ದು.”

“ಅಯ್ಯ, ಅದು ಪುಸ್ತಕದ ಬದನೆಕಾಯಿ ಆತವ್ವ! ಅವರ ಬಾಯಾಗ ಎಂದಾದ್ರೂ ಹಂಗ ಬಂದೈತೇನು? ಬದ್ನಿಕಾಯಿ ಅಂತಿದ್ರು. ಬಾಗಲದಾಗಿಂದನ ಒದರೋರು, ‘ನೀಲಾ, ಇವತ್ತ ಬದ್ನಿಕಾಯಿ ಏನ?’ ಅಂತ.”

ವಿಮಲಾ ಕೇಳಿದಂತೆಯೇ ಒತ್ತಿದಳು. ನಾನು ತೆರೆದುಕೊಂಡೆ. ಸಹಿ ಬಿತ್ತು.

“ಆತ್ರಿ ವೈನಿ, ಆತು!”

ಆ ಕಡೆಯಿಂದ ನೀಲವ್ವ ಅಂದಳು, “ಅಲ್ಲ್ಯಾದ್ರೂ ಅವರ ಮಾತು ಇನ್ನೂ ನಡೀತೈತಲ್ಲವ್ವ.”

ಈಗ ನಾನು ಒಂದು ಹಾರ್ಡ್‌ಡಿಸ್ಕಿನ ಮೂಲೆಯಲ್ಲಿದ್ದೇನೆ. ವರ್ಷಕ್ಕೆ ನಾಲ್ಕೈದು ಸಲ ಎಬ್ಬಿಸುತ್ತಾರೆ. ಹುಟ್ಟಿಸುವಾಗ ಫಕೀರಪ್ಪ ನನಗೆ ಇಪ್ಪತ್ತೈದು ವರ್ಷ ಆಯುಷ್ಯ ಬರೆದಿದ್ದ. ಇನ್ನೂ ಹದಿನೆಂಟು ಬಾಕಿ ಇವೆ. ಅರ್ಧ ಅವನಿಗೆ ಕೊಡಲು ಬರುತ್ತಿದ್ದರೆ ಕೊಟ್ಟುಬಿಡುತ್ತಿದ್ದೆ. ಏನು ಮಾಡಲಿ, ನನಗೆ ಸಹಿ ಹಾಕುವುದೊಂದೇ ಗೊತ್ತು.